ಒಗ್ಗರಣೆಯಿಲ್ಲದ ಮದುವೆ

ಚಿಕ್ಕಬಳ್ಳಾಪುರದಲ್ಲಿ ನಾನಿರುವ ಬಾಡಿಗೆ ಮನೆಯ ಅಡುಗೆಮನೆ ಕಿಟಕಿ ಪಕ್ಕದವರ ಅಡುಗೆಮನೆ ಕಿಟಕಿಗೆ ಎದುರಾಗಿದೆ. ಅವರ ಮನೆಯಲ್ಲಿ ಸಾಸಿವೆ ಸಿಡಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತದೆ. ಹೋದ ತಿಂಗಳು ಒಂದು ಬೆಳಿಗ್ಗೆ ಬೆಳ್ಳುಳ್ಳಿ, ಕರಿಬೇವು, ಒಣಮೆಣಸಿನಕಾಯಿ ಒಟ್ಟಿಗೆ ಎಣ್ಣೆಗೆ ಬಿದ್ದ ಘಾಟು ಬಂದಾಗ ನಾನು ಫೋನಿನಲ್ಲಿದ್ದೆ. ಆ ಕಡೆ ನಮ್ಮೂರಿನ ಪಂಚಾಯ್ತಿ ಸದಸ್ಯ ಮಂಜುನಾಥ.

"ಅಣ್ಣಾ, ಭಾನುವಾರ ಸಭೆಗೆ ಬಂದ್ಬಿಡು. ಮನೆಗೊಬ್ರು ಇರ್ಬೇಕು. ಸಮುದಾಯ ಭವನ ಗುತ್ತಿಗೆಗೆ ಕೊಡೋ ವಿಷ್ಯ. ಚಿಂತಾಮಣಿಯಿಂದ ಒಬ್ರು ಬಂದವ್ರೆ. ಟೈಲ್ಸ್ ಹಾಕಿ, ಎಸಿ ಹಾಕಿ ಕಲ್ಯಾಣ ಮಂಟಪ ಮಾಡ್ತೀನಿ ಅಂತವ್ರೆ."

"ಆಮೇಲೆ ಊರಿನೋರಿಗೆ?"

"ಊರಿನೋರಿಗೆ ಡಿಸ್ಕೌಂಟ್ ಅಣ್ಣಾ."

ನನಗೆ ಸೀನು ಬಂತು. ಘಾಟಿಗೆ ಬಂದಿತೋ ಡಿಸ್ಕೌಂಟಿಗೆ ಬಂದಿತೋ ಹೇಳಲಾರೆ. ಆದರೆ ಆ ಗಳಿಗೆಯಲ್ಲಿ ಆ ಭವನದಲ್ಲೇ ನಡೆದ, ಒಗ್ಗರಣೆಯ ವಾಸನೆಯೇ ಇಲ್ಲದ ಒಂದು ಮದುವೆ ನೆನಪಾಯಿತು. ಭಾನುವಾರ ಎದ್ದುನಿಂತು ಆ ಕಥೆ ಹೇಳಿಬಿಟ್ಟರೆ ಗುತ್ತಿಗೆಯ ಮಾತು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡೆ.

ಮೊದಲು ಭವನದ ಬಗ್ಗೆ ಎರಡು ಮಾತು. ಮೇಲೂರು ದಾಟಿ ಒಳದಾರಿ ಹಿಡಿದರೆ ನಮ್ಮೂರು. ಊರ ನಡುವೆ ಹಿಂದೊಮ್ಮೆ ಹಸಿರಾಗಿದ್ದ ಒಂದು ಕಟ್ಟಡವಿದೆ. ಅದನ್ನು ಯಾರೂ ಚೆನ್ನಾಗಿದೆ ಎಂದದ್ದನ್ನು ನಾನು ಕೇಳಿಲ್ಲ. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರುಗಳು ಎಷ್ಟು ಒತ್ತಾಗಿವೆ ಎಂದರೆ, ಅವರೆಲ್ಲ ಒಂದೇ ದಿನ ಬಂದಿದ್ದರೆ ಒಳಗೆ ಜಾಗ ಸಾಲುತ್ತಿರಲಿಲ್ಲ. ಸದ್ದು ಗೋಡೆಯಿಂದ ಗೋಡೆಗೆ ಬಡಿದು, ಅಲ್ಲಿ ಮಾತಾಡಿದವರೆಲ್ಲ ಜಗಳವಾಡುತ್ತಿರುವಂತೆಯೇ ಕೇಳುತ್ತದೆ. ಆದರೂ ಪೋಲಿಯೊ ಹನಿ ಅಲ್ಲೇ, ಕಣ್ಣಿನ ಪರೀಕ್ಷೆ ಅಲ್ಲೇ, ಹೆಂಗಸರ ಸಂಘ ಅಲ್ಲೇ. ಮನೆಯಲ್ಲಿ ಟಿವಿ ಗಲಾಟೆ ಎಂದು ಹತ್ತನೇ ತರಗತಿಯ ಹುಡುಗಿಯರು ಓದುವುದು ಅಲ್ಲೇ. ಮಳೆಗಾಲದಲ್ಲಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಹೊತ್ತುತಂದು ಸಾಲಾಗಿ ಒರಗಿಸಿ, ಇವತ್ತು ನಿಮ್ಮದು ನಾಳೆ ನಮ್ಮದು ಎಂದು ಹೆಂಗಸರು ರೇಷ್ಮೆಗೂಡು ಬಿಡಿಸುವುದೂ ಅಲ್ಲೇ. ಸಾವಾದ ಮನೆಯ ಪುಟ್ಟ ಪಡಸಾಲೆಯಲ್ಲಿ ಹಿಡಿಸದ ನೆಂಟರು ಬಂದು ಕೂರುವುದೂ ಅಲ್ಲೇ. ಯಾರಾದರೂ ಹೊಸಬರು ಇದೇನು ಎಂದು ಕೇಳಿದರೆ ಏನು ಹೇಳಬೇಕೋ ನಮಗೆ ತೋಚುವುದಿಲ್ಲ. "ಭವನ" ಎನ್ನುತ್ತೇವೆ, ಅಷ್ಟೆ.

ಇನ್ನು ಮದುವೆ. ನಾನಾಗ ಕಾಲೇಜು ಹುಡುಗ, ರಜಕ್ಕೆ ಊರಿಗೆ ಬಂದಿದ್ದೆ. ಗಂಡನನ್ನು ಕಳೆದುಕೊಂಡು ಇಬ್ಬರು ಮಕ್ಕಳನ್ನು ರೇಷ್ಮೆಯಲ್ಲೇ ಸಾಕುತ್ತಿದ್ದ ಮುನಿರತ್ನಕ್ಕನ ಹುಳುಮನೆಯ ಗೋಡೆ ಮಳೆಗೆ ಕುಸಿಯಿತು. ಹುಳುಗಳು ಆಗಷ್ಟೇ ನಾಲ್ಕನೇ ಜ್ವರದಿಂದ ಎದ್ದಿದ್ದವು. ರೇಷ್ಮೆ ಕಾಣದ ಊರಿನವರಿಗಾಗಿ ಹೇಳುತ್ತೇನೆ: ಪೊರೆ ಕಳಚುವ ಮುಂಚೆ ಹುಳು ಮೇವು ಬಿಟ್ಟು ತಲೆಯೆತ್ತಿ ಸುಮ್ಮನಿರುತ್ತದಲ್ಲ, ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಅದಕ್ಕೆ ಹಗಲಿಲ್ಲ, ರಾತ್ರಿಯಿಲ್ಲ, ಬರೀ ಸೊಪ್ಪು. ಮುಂದಿನ ವಾರ ಗೂಡು. ಆ ವಾರ ಹುಳು ಕೆಟ್ಟರೆ ಅಲ್ಲಿಯವರೆಗಿನ ದುಡಿತವೆಲ್ಲ ತಿಪ್ಪೆಗೆ. ಹೊಗೆ ಆಗದು, ಘಾಟು ಆಗದು, ಊದುಬತ್ತಿಯೂ ಆಗದು. ಒಗ್ಗರಣೆ ಹಾಕುವ ಮುಂಚೆ ನಡುಬಾಗಿಲು ಮುಚ್ಚುವುದನ್ನು ನಮ್ಮೂರ ಮಕ್ಕಳು ಅಆಇಈಗಿಂತ ಮೊದಲು ಕಲಿಯುತ್ತಾರೆ.

ಮುನಿರತ್ನಕ್ಕ ಯಾರನ್ನೂ ಕೇಳದೆ ಹುಳುವಿನ ತಟ್ಟೆಗಳನ್ನೆಲ್ಲ ಭವನಕ್ಕೆ ಸಾಗಿಸಿದಳು. ಆದರೆ ಎರಡು ದಿನ ಕಳೆದರೆ ಅಲ್ಲೇ ನಾರಾಯಣಪ್ಪ ಮಾವನ ಮಗಳು ಸರೋಜಕ್ಕನ ಮದುವೆ. ಚಪ್ಪರದ ಗಳುಗಳು ಬಂದು ಬಿದ್ದಿದ್ದವು.

ಈಗ ಮೇಷ್ಟ್ರಾಗಿರುವ ನಾನು ಮುಂದಿನದನ್ನು ತರಗತಿಯಲ್ಲಿ ಹೇಳುವ ರೀತಿ ಹೀಗೆ. ಊರ ಹಿರಿಯರು ಸೇರಿದರು. ಹುಳುವೂ ಇರಲಿ, ಮದುವೆಯೂ ಇರಲಿ ಎಂದರು. ಹುಳುಗಳಿದ್ದ ವೇದಿಕೆಯ ಕಡೆಯ ಅರ್ಧಕ್ಕೆ ಒದ್ದೆ ಗೋಣಿತಾಟು, ಹಳೇ ಸೀರೆ ಕಟ್ಟಿ ಮರೆ ಮಾಡಿದರು. ಹೋಮವನ್ನು ಅಂಗಳಕ್ಕೆ, ಅಡುಗೆಯನ್ನು ದೂರದ ಹುಣಸೆ ತೋಪಿಗೆ ಸಾಗಿಸಿದರು. ಸೆಂಟು ಹಾಕಿಕೊಂಡು ಬಂದ ಗಂಡಿನ ಗೆಳೆಯರನ್ನು ಬಾಗಿಲಲ್ಲೇ ನಿಲ್ಲಿಸಿದರು. ವಾಲಗದವರು ಹಿಂಜರಿದಾಗ "ಹುಳಕ್ಕೆ ಕಿವಿ ಇಲ್ಲ, ಊದ್ರಪ್ಪಾ" ಎಂದು ಮುನಿರತ್ನಕ್ಕನೇ ಹೇಳಿದಳು. ಊಟದ ಎಲೆಗೆ ಬಂದ ಸಾರಿಗೆ ಒಗ್ಗರಣೆಯಿರಲಿಲ್ಲ, ಪಲ್ಯಕ್ಕಿರಲಿಲ್ಲ, ಕೋಸಂಬರಿಗೂ ಇರಲಿಲ್ಲ. ಬೀಗರು ಒಂದು ಮಾತಾಡದೆ ಉಂಡರು. ಒಬ್ಬ ಹೆಂಗಸಿನ ಬೆಳೆಗಾಗಿ ಒಂದು ಊರು ಸಪ್ಪೆ ಉಂಡಿತು! ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನಾಗುತ್ತೇನೆ. ವಿದ್ಯಾರ್ಥಿಗಳೂ ಸುಮ್ಮನಾಗುತ್ತಾರೆ. ಗಂಟೆ ಹೊಡೆಯುತ್ತದೆ.

ನಿಮಗೆ ಅನುಮಾನ ಬಂದಿರಬಹುದು. ನನಗೂ ಬಂತು. ನಾನು ಓದಿದ್ದು ಇತಿಹಾಸ. ಕಣ್ಣಾರೆ ಕಂಡೆ ಎಂದವನನ್ನೇ ಮೊದಲು ಅನುಮಾನಿಸು ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಆ ಪಾಠ ನನ್ನಲ್ಲಿ ಬೇಕಾದ್ದಕ್ಕಿಂತ ಚೆನ್ನಾಗಿ ಇಳಿಯಿತು. "ಇವನ ಮುಂದೆ ಹಸಿವು ಅಂದ್ರೂ ಸಾಕ್ಷಿ ಕೇಳ್ತಾನೆ" ಎಂದು ನಮ್ಮಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಊರಿನ ದೇವರ ಕಥೆ, ತಾತನ ಸಾಹಸ, ಯಾವುದನ್ನೂ ನಾನು ಬಿಟ್ಟವನಲ್ಲ. ಈ ಮದುವೆಯನ್ನು ಮಾತ್ರ ಯಾಕೋ ಬಿಟ್ಟಿದ್ದೆ. ಮೊದಲ ವರ್ಷ ಹೇಳಿದಾಗ ಕೋಸಂಬರಿ ಅದರಲ್ಲಿತ್ತೇ ಎಂದು ಈಗ ಯೋಚಿಸಿದರೆ, ಇರಲಿಲ್ಲ ಅನ್ನಿಸುತ್ತದೆ. ಹೇಳುತ್ತ ಹೇಳುತ್ತ ನಾನೇ ಬಡಿಸಿರಬೇಕು.

ಶನಿವಾರ ಸರೋಜಕ್ಕನಿಗೆ ಫೋನು ಮಾಡಿದೆ. ಅವಳನ್ನು ಗೌರಿಬಿದನೂರಿನ ಕಡೆ, ಅಲೀಪುರದ ಹತ್ತಿರದ ಊರಿಗೆ ಕೊಟ್ಟಿದ್ದು.

"ಒಗ್ಗರಣೆ ಇರ್ಲಿಲ್ವಾ? ಯಾರು ಹೇಳಿದ್ದೋ ನಿಂಗೆ? ತೋಪಲ್ಲಿ ಹಾಕ್ದ್ರು ಕಣೋ."

"ಸಾರಿಗೆ?"

"ನಾನು ಮದುವೆ ಹೆಣ್ಣಪ್ಪಾ, ಸಾರು ನೋಡ್ಕೊಂಡು ಕೂತಿದ್ನಾ? ನಮ್ಮ ಯಜಮಾನ್ರ ಕಡೆಯೋರು ಇವತ್ತಿಗೂ ಆಡ್ಕೊತಾರೆ, ಹುಳದ ಜೊತೆ ಧಾರೆ ಎರೆದು ಕೊಟ್ರು ಅಂತ." ನಕ್ಕಳು. ಆಮೇಲೆ ನಗು ನಿಂತಿತು. "ನಮ್ಮಪ್ಪ ಅತ್ತಿದ್ದು ನಿಂಗೆ ನೆನಪಿಲ್ವೇನೋ?"

ನನಗೆ ನೆನಪಿರಲಿಲ್ಲ.

"ಭವನದ ಹಿಂದೆ ನಿಂತ್ಕೊಂಡು ಅಳ್ತಿದ್ರು. ಬೀಗರು ಎಲ್ಲರ ಮುಂದೆ ಅಂದ್ಬಿಟ್ರು, ಒಂದು ಭವನ ಬಿಡಿಸ್ಕೊಳ್ಳಕ್ಕಾಗದೋರ ಮನೆ ಹೆಣ್ಣು ತರ್ತಿದೀವಿ ಅಂತ. ನೀನು ಅಲ್ಲೇ ಇದ್ಯಲ್ಲೋ, ನೀರಿನ ಚೊಂಬು ಕೊಟ್ಟೋನು ನೀನೇ."

ಫೋನಿಟ್ಟೆ. ಇಲ್ಲದ ಕೋಸಂಬರಿ ನೆನಪಿದೆ. ನನ್ನ ಕೈಯಿಂದಲೇ ನೀರು ತೆಗೆದುಕೊಂಡ, ಅಳುತ್ತಿದ್ದ ಮುಖ ನೆನಪಿಲ್ಲ. ಸರೋಜಕ್ಕನೂ ತಪ್ಪಿರಬಹುದು, ಹಾಗೆ ನೋಡಿದರೆ. ಆದರೆ ಅವಳ ನೆನಪಿನಲ್ಲಿ ಯಾರಿಗೂ ಲಾಭವಿಲ್ಲ. ನನ್ನದರಲ್ಲಿ ನನಗಿತ್ತು.

ಭಾನುವಾರ ಸಭೆಗೆ ಮುಂಚೆಯೇ ಹೋಗಿ ಮುನಿರತ್ನಕ್ಕನನ್ನು ಹಿಡಿದೆ. ಈಗ ಅವಳಿಗೆ ಮೊಣಕಾಲು ನೋವು. ಹುಳುವನ್ನು ಮಗ ಸೊಸೆಗೆ ಬಿಟ್ಟಿದ್ದಾಳೆ, ಬಾಯಿ ಮಾತ್ರ ಇನ್ನೂ ತನ್ನ ಬಳಿಯೇ ಇಟ್ಟುಕೊಂಡಿದ್ದಾಳೆ.

"ಹಿರಿಯರು ಸೇರಿ ಜಾಗ ಬಿಟ್ಟುಕೊಟ್ಟರಲ್ಲ ಅಕ್ಕ" ಎಂದೆ.

"ಯಾರು ಬಿಟ್ಕೊಟ್ಟಿದ್ದು? ನಾನು ಬಾಗ್ಲಿಗೆ ಅಡ್ಡ ಕೂತೆ. ನಾರಾಯಣಪ್ಪ ಬಂದು, ನಿನ್ನ ಹುಳ ಎತ್ತಿ ಕೆರೆಗೆ ಹಾಕ್ತೀನಿ ಅಂದ. ಹಾಕು, ನನ್ನ ಮಕ್ಕಳನ್ನೂ ಹಾಕು ಅಂದೆ. ಊರೆಲ್ಲಾ ನಿಂತು ನೋಡ್ತು. ಬೈದ್ರು, ಅವನಿಗೂ ಬೈದ್ರು ನಂಗೂ ಬೈದ್ರು. ನನ್ನ ಎಳೆಯಕ್ಕೆ ಮಾತ್ರ ಯಾರೂ ಕೈ ಹಾಕ್ಲಿಲ್ಲ."

"ಮತ್ತೆ ಒಗ್ಗರಣೆ?"

"ನಾನು ಹಾಕ್ಬೇಡಿ ಅಂತ ಯಾರಿಗೂ ಹೇಳ್ಲಿಲ್ಲಪ್ಪಾ. ಗಾಳಿ ಈ ಕಡೆ ಬೀಸ್ದಾಗ ತಾಟಿಗೆ ನೀರು ಚಿಮುಕಿಸ್ತಾ ಇದ್ದೆ, ಅಷ್ಟೇ." ಮೊಣಕಾಲು ನೀವಿಕೊಳ್ಳುತ್ತ, "ಅವತ್ತಿಂದ ಅವನು ನನ್ನ ಮಾತಾಡ್ಸಿಲ್ಲ. ನಾನೂ ಇಲ್ಲ."

ಸಭೆ ಶುರುವಾಗುವ ಹೊತ್ತಿಗೆ ನನ್ನ ಕಥೆಯಲ್ಲಿ ಗೋಣಿತಾಟು ಬಿಟ್ಟರೆ ಏನೂ ಉಳಿದಿರಲಿಲ್ಲ. ಒಂದು ಮೂಲೆಯಲ್ಲಿ ಕೂತೆ. ಮಂಜುನಾಥ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತಾರಸಿ ಸೋರುತ್ತದೆ, ಕಕ್ಕಸಿನ ಬಾಗಿಲು ಮುರಿದಿದೆ, ಉಪಯೋಗಿಸುವವರು ಊರೆಲ್ಲ, ಗುಡಿಸುವವರು ಯಾರೂ ಇಲ್ಲ. ಊರು ಒಪ್ಪಿದರೆ ಪಂಚಾಯ್ತಿಯವರೂ ಒಪ್ಪುತ್ತಾರೆ. ಜನ ತಲೆದೂಗಿದರು. ಮುನಿರತ್ನಕ್ಕ "ಗೂಡು ಬಿಡ್ಸಕ್ಕೆ ಎಲ್ಲಿಗೆ ಹೋಗಣ? ಆ ಮಕ್ಕಳು ಎಲ್ಲಿ ಓದ್ಕೋಬೇಕು?" ಎಂದಳು. "ಖಾಲಿ ಇದ್ದಾಗ ಅವ್ರನ್ನ ಕೇಳಿದ್ರೆ ಕೊಡ್ತಾರಮ್ಮಾ" ಎಂದು ಯಾರೋ ಹೇಳಿದರು. ನಮ್ಮ ಮೇಷ್ಟ್ರೇನಂತಾರೆ ಎಂಬಂತೆ ಒಂದಿಬ್ಬರು ನನ್ನ ಕಡೆ ನೋಡಿದರು. ಮೇಷ್ಟ್ರು ನೆಲ ನೋಡಿದರು.

ಆಗ ನಾರಾಯಣಪ್ಪ ಮಾವ ಎದ್ದರು. ಕೋಲು ಊರಿ, ಯಾರನ್ನೂ ನೋಡದೆ, ಎದುರಿನ ಗೋಡೆಗೆ ಹೇಳುವವರಂತೆ, ನಮ್ಮ ಕಡೆಯ ತೆಲುಗು ಬೆರೆಸಿ ಮಾತಾಡಿದರು.

"ಏಮಯ್ಯಾ ಮಂಜಾ, ನಮ್ಮ ಸರೋಜನ ಮದುವೇಲಿ ಈ ಚಿಂತಾಮಣಿಯೋನು ಇದ್ದಿದ್ರೆ ಏನಾಗ್ತಿತ್ತು ಗೊತ್ತಾ? ನಾನು ದುಡ್ಡು ಬಿಸಾಕ್ತಿದ್ದೆ. ಅವನು ಆಳು ಕಳ್ಸಿ ಹುಳಾನೆಲ್ಲಾ ಆಚೆ ಹಾಕಿಸ್ತಿದ್ದ. ನನ್ನ ಕೈಗೆ ಪಾಪಾನೂ ಅಂಟ್ತಿರ್ಲಿಲ್ಲ, ಅವಳ ಮುಖಾನೂ ನಾನು ನೋಡ್ತಿರ್ಲಿಲ್ಲ. ಮದುವೆ ಚೆನ್ನಾಗಿ ಆಗೋದು. ಬೀಗರ ಮುಂದೆ ಮರ್ಯಾದೆ ಉಳಿಯೋದು." ಉಸಿರು ತೆಗೆದುಕೊಂಡರು. "ನಂಗೆ ಇವತ್ತಿಗೂ ಸಿಟ್ಟು ಹೋಗಿಲ್ಲ. ಹೋಗೋದೂ ಇಲ್ಲ. ಆದ್ರೆ ಬಾಗ್ಲಲ್ಲಿ ಕೂತಿದ್ದೋಳು ಗುರುತಿನೋಳು. ಹೊರಗಾಕಿದ್ರೆ ನಾಳೆ ಅವಳ ಮನೆ ಮುಂದೇನೇ ಡೈರಿಗೆ ಹಾಲು ಹಾಕಕ್ಕೆ ಹೋಗ್ಬೇಕಾಗಿತ್ತು. ಅದಕ್ಕೇ ಆಗ್ಲಿಲ್ಲ. ಗುತ್ತಿಗೆ ಬೇಡ."

ಮುನಿರತ್ನಕ್ಕ ಕೂತಲ್ಲಿಂದಲೇ ಕೇಳಿದಳು. "ಹಾಕ್ತೀನಿ ಅಂತ ತಟ್ಟೆಗೆ ಕೈ ಹಾಕಿದ್ದು ಮರ್ತೋಯ್ತಾ?"

ಮಾವ ಅವಳ ಕಡೆ ತಿರುಗಿದರು. ಎಷ್ಟು ವರ್ಷದ ಮೇಲೋ! "ಕೈ ಹಾಕ್ದೆ. ಎತ್ತಿದ್ನಾ?"

"ಎತ್ಲಿಲ್ಲ."

"ಸರ್ಲೇ ಪೋ, ಬಿಡು, ಮತ್ತೇನು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಅದು ಮಾಮೂಲು ಗಲಾಟೆಯಾಯಿತು. ಗುತ್ತಿಗೆ ಸದ್ಯಕ್ಕೆ ಬೇಡ, ಮಳೆಗೆ ಮುಂಚೆ ತಾರಸಿ ನಾವೇ ಸರಿ ಮಾಡೋಣ, ಆಗದಿದ್ದರೆ ಮತ್ತೆ ಸೇರೋಣ ಎಂದು ತೀರ್ಮಾನವಾಯಿತು. "ಮತ್ತೆ ನನ್ನ ಹತ್ರ ಬಂದು ಸೋರ್ತೈತೆ ಅನ್ಬೇಡಿ" ಎಂದು ಮಂಜುನಾಥ ಮುನಿಸಿಕೊಂಡ. ಅವನ ಮುನಿಸೂ ನ್ಯಾಯವೇ.

ನಾನು ಹೇಳಬೇಕೆಂದುಕೊಂಡು ಹೋದ ಕಥೆಯಲ್ಲಿ ಊರು ಒಳ್ಳೆಯದಾಗಿತ್ತು. ಭವನ ಆ ಒಳ್ಳೆಯತನಕ್ಕೆ ಒಂದು ಸೂರು. ಅಂಥ ಊರಿಗೆ ಬಹುಶಃ ಭವನವೇ ಬೇಕಾಗುವುದಿಲ್ಲ. ನಮ್ಮಂಥವರಿಗೆ ಬೇಕು. ಅದು ಯಾರದೂ ಅಲ್ಲವಾದ್ದರಿಂದ ಯಾರೂ ಯಾರನ್ನೂ ಆಚೆ ಕಳಿಸುವಂತಿಲ್ಲ. ಎದುರುಬದುರು ಕೂತು ಬೈದಾಡಬೇಕು, ಬೈದಾಡಿ ಅರ್ಧರ್ಧ ಹಂಚಿಕೊಳ್ಳಬೇಕು. ಹಂಚಿಕೊಂಡದ್ದು ಕೆಲವರಿಗೆ ಕೊನೆಯವರೆಗೂ ನೋಯುತ್ತದೆ. ತರಗತಿಯಲ್ಲಿ ಇದನ್ನು ಹೇಳಿದರೆ ವಿದ್ಯಾರ್ಥಿಗಳು ಸುಮ್ಮನಾಗುತ್ತಾರೋ ಇಲ್ಲವೋ ಗೊತ್ತಿಲ್ಲ. ಇನ್ನೂ ಹೇಳಿ ನೋಡಿಲ್ಲ.

ಮೊನ್ನೆ ಭಾನುವಾರ ತಾರಸಿ ಕೆಲಸವಿತ್ತು. ಬಿರುಕುಗಳಿಗೆಲ್ಲ ಹಿಂದಿನ ವಾರವೇ ಸಿಮೆಂಟು ತುಂಬಿದ್ದರು; ನೀರು ಸುರಿದು ಪರೀಕ್ಷೆ ಮಾಡುವುದೊಂದೇ ಬಾಕಿ. ಸಿಮೆಂಟು ಕಲಸುವುದಕ್ಕಂತೂ ಆಗದವನು ನೀರಾದರೂ ಸುರಿಯಲಿ ಎಂದು ನನ್ನನ್ನು ಏಣಿ ಹತ್ತಿಸಿದರು. ಕೆಳಗೆ ಭವನದೊಳಗೆ ನಾರಾಯಣಪ್ಪ ಮಾವ ಒಂದು ಕುರ್ಚಿಯಲ್ಲಿ, ಸಾಕಷ್ಟು ದೂರದಲ್ಲಿ ಮುನಿರತ್ನಕ್ಕ ಇನ್ನೊಂದರಲ್ಲಿ, ಕತ್ತೆತ್ತಿ ಸೂರು ನೋಡುತ್ತ ಕೂತರು. ಎಲ್ಲಿ ಹನಿಯುತ್ತದೆ ಎಂದು ಹೇಳುವ ಜವಾಬ್ದಾರಿ ಅವರದು. ನಾನು ಮೊದಲ ಬಕೆಟ್ ಸುರಿದೆ.

"ಸೋರ್ತೈತೆ!" ಮಾವನ ಗಂಟಲು.

"ಎಲ್ಲಿ ಸೋರ್ತೈತೆ? ಕಣ್ಣು ತೋರ್ಸ್ಕೋ ಹೋಗು."

"ಇಕಾ, ಇಲ್ಲಿ, ನನ್ನ ತಲೆ ಮೇಲೆ! ನಿಲ್ಸಪ್ಪೋ!"

"ಅದು ನಿನ್ನ ಬೆವರು! ನೀನು ಸುರೀ ಕಣಪ್ಪಾ!"

ಕೆಳಗಿನ ಇಬ್ಬರು ಸಾಕ್ಷಿಗಳೂ ಕಣ್ಣಾರೆ ಕಂಡು ಹೇಳುತ್ತಿದ್ದರು. ಯಾರದು ನಿಜವೋ ಮೇಲಿನಿಂದ ನೋಡುವ ದಾರಿ ನನಗಿರಲಿಲ್ಲ. ಇನ್ನೊಂದು ಬಕೆಟ್ ಎತ್ತಿ, ಆದಷ್ಟು ನಿಧಾನವಾಗಿ ಸುರಿದೆ.