ಸವಣೂರಿನ ಹವಳಕ್ಕೆ ಅಜ್ಜಿಯ ಸುಣ್ಣ

ಆಗುದೇ ಇಲ್ಲ ಅಂದವರು ನನ್ನ ಸೋದರಮಾವ. ಅಳಿಯಕಟ್ಟಿನ ಮನೆ ನಮ್ಮದು, ತಾಯಿಯ ಅಣ್ಣನೇ ಯಜಮಾನ. ಅವರ ಮಾತಿಗೆ ಅಮ್ಮನೂ ಎದುರಾಡುತ್ತಿರಲಿಲ್ಲ. ನಾನು ಪುತ್ತೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಕ್ಲಾಸಿನವರೊಡನೆ ಸಮುದ್ರಕ್ಕೆ ಹೋದವಳು, ಬಲೆಗೆ ಸಿಕ್ಕಿದ್ದ ಮುಷ್ಟಿಯಷ್ಟು ಜೀವಂತ ಹವಳವನ್ನೂ ಎರಡು ಕ್ಯಾನು ಉಪ್ಪುನೀರನ್ನೂ ಬಸ್ಸಿನಲ್ಲಿ ಪುತ್ತೂರಿನ ಹತ್ತಿರದ ನಮ್ಮೂರು ಸವಣೂರಿಗೆ ತಂದಿದ್ದೆ.

"ಸಮುದ್ರದ್ದು ಸಮುದ್ರದಲ್ಲೇ ಬದುಕುದು, ಮಾರಾಯ್ತಿ. ಡಿಗ್ರಿಯೂ ಹಾಗೇ, ನಮ್ಮ ಹೆಣ್ಣುಮಕ್ಕಳಿಗೆ ಹಿಡಿಯುದಿಲ್ಲ. ಇವತ್ತು ನೀನು, ನಾಳೆ ನಿನ್ನ ತಂಗಿಯೂ ಹೊರಡ್ತಾಳೆ."

"ಇದು ಬದುಕಿದರೆ?"

"ಪತ್ತನಾಜೆವರೆಗೆ ಬದುಕಿದರೆ ಮೂರನೇ ವರ್ಷಕ್ಕೆ ಹೋಗು. ಸತ್ತರೆ ಪುಸ್ತಕ ಕಟ್ಟಿಡು."

ತುಳುನಾಡಿನ ಜಾತ್ರೆ-ಕೋಲಗಳೆಲ್ಲ ಮುಗಿಯುವ ದಿನವಾದ ಪತ್ತನಾಜೆ ಬರುವುದು ಮೇ ಕೊನೆಗೆ. ಇನ್ನೂ ಆರು ತಿಂಗಳಿತ್ತು.

ಲ್ಯಾಬಿನವರು ಬಿಸಾಡಲಿದ್ದ ಗಾಜಿನ ತೊಟ್ಟಿಯನ್ನು ಚಾವಡಿಯಲ್ಲಿ, ಗಾಜಿನ ಹಂಚಿನ ಬೆಳಕು ಬೀಳುವಲ್ಲಿ ಇಟ್ಟೆ. ಗಾಳಿಗುಳ್ಳೆ ಬಿಡುವ ಪಂಪು ಸಿಕ್ಕಿತು; ಕರೆಂಟು ಹೋದಾಗ ಸೌಟಿನಲ್ಲಿ ನೀರು ಕಲಕುತ್ತಿದ್ದೆ. ಮೀನಿನ ಲಾರಿಯವರು ವಾರಕ್ಕೊಂದು ಕ್ಯಾನು ಸಮುದ್ರದ ನೀರು ತಂದುಕೊಡುತ್ತಿದ್ದರು. "ಅಕ್ಕ, ಬರೀ ಸಾರು ಸಾಕಾ, ಮೀನು ಬೇಡ್ವಾ?" ಅಂತ ನಗುತ್ತಿದ್ದರು.

ಎರಡು ತಿಂಗಳಿಗೆ ಹವಳ ಮಂಕಾಯಿತು. ಕಾಲೇಜಿನ ಮಾಷ್ಟ್ರು, "ಅದು ನೀರಿನಲ್ಲಿರುವ ಸುಣ್ಣದಿಂದಲೇ ಮನೆ ಕಟ್ಟುದು. ನಿನ್ನ ತೊಟ್ಟಿಯಲ್ಲಿ ಸುಣ್ಣ ಮುಗಿದಿರಬೇಕು, ಕೊಡು" ಅಂದರು. ಎಷ್ಟು ಅಂತ ನಾನು ಕೇಳಲಿಲ್ಲ. ಮನೆಗೆ ಬಂದವಳೇ ಅಜ್ಜಿಯ ವೀಳ್ಯದ ಸುಣ್ಣವನ್ನು ಚಮಚದಲ್ಲಿ ತೆಗೆದು ತೊಟ್ಟಿಗೆ ಹಾಕಿದೆ. ನೀರು ಹಾಲಾಯಿತು. ಹವಳದ ಮೈತುಂಬ ಹೂವಿನಂತೆ ಅರಳುವ ಸಣ್ಣ ಬಾಯಿಗಳೆಲ್ಲ ಮುಚ್ಚಿದವು.

ಮಾವ ಬಗ್ಗಿ ನೋಡಿದರು. "ಈ ವರ್ಷ ಪತ್ತನಾಜೆ ಬೇಗ ಬಂತಲ್ಲ."

ನಾನು ಹವಳವನ್ನು ಎತ್ತಿ, ಕ್ಯಾನಿನಲ್ಲಿ ಉಳಿದಿದ್ದ ಸಮುದ್ರದ ನೀರಿಗೆ ಇಳಿಸಿದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಬೈದರು: "ನಾನು ಎಷ್ಟು ಹಚ್ಚುದು ಅಂತ ನೀನು ಒಂದು ದಿನವಾದರೂ ನೋಡಿದ್ದೀಯಾ? ಉಗುರಿನ ತುದಿಯಷ್ಟು. ಹೆಚ್ಚಾದರೆ ನನ್ನ ಬಾಯಿಯೇ ಸುಡ್ತದೆ. ಅದಕ್ಕೆ ಚರ್ಮವಾದರೂ ಎಲ್ಲುಂಟು?"

ಮರುದಿನ ಲಾರಿಯವರನ್ನು ಬೇಡಿ ನಾಲ್ಕು ಕ್ಯಾನು ನೀರು ತರಿಸಿ ತೊಟ್ಟಿ ತುಂಬಿಸಿದೆ. ಅಜ್ಜಿಯ ಉಗುರಿನಿಂದಲೇ ಸುಣ್ಣ ಅಳೆಸಿ, ಒಂದು ಬಾಟಲಿ ಸಿಹಿನೀರಿನಲ್ಲಿ ಕಲಕಿ, ತಳಕ್ಕೆ ಕೂರಲು ಬಿಟ್ಟೆ. ಮೇಲಿನ ತಿಳಿಯನ್ನು ಮಾತ್ರ ಬಟ್ಟಲಿಗೆ ಬಗ್ಗಿಸಿ, ದೀಪದ ಬತ್ತಿಯೊಂದನ್ನು ಬಟ್ಟಲಿನ ಅಂಚಿನಿಂದ ಇಳಿಬಿಟ್ಟೆ. ಅದರ ತುದಿಯಿಂದ ತೊಟ್ಟಿಗೆ ಹನಿ ಹನಿಯಾಗಿ ಬೀಳಲಿ ಅಂತ. ತೊಟ್ಟಿಯ ನೀರು ಆವಿಯಾಗಿ ಎಷ್ಟು ಇಳಿದಿದೆಯೋ ಅಷ್ಟೇ. ಬೆಳಗಿನ ಬಸ್ಸಿಗೆ ಮೊದಲು ದಿನಾ ಇದೇ ಕೆಲಸ. ಎಂಟು ದಿನ ಹವಳ ಬಾಯಿ ಬಿಡಲಿಲ್ಲ. ಸತ್ತಿದೆ ಅಂತ ಮಾವ ದಿನಾ ಹೇಳಿದರು. ನಾನು ದಿನಾ ಬತ್ತಿ ಹಾಕಿದೆ. ಒಂಬತ್ತನೇ ದಿನ ಒಂದು ಮೂಲೆಯಲ್ಲಿ ನಾಲ್ಕೈದು ಬಾಯಿ ತೆರೆದವು.

ಪತ್ತನಾಜೆಯ ದಿನ ನಾನೇ ಮಾವನನ್ನು ತೊಟ್ಟಿಯ ಹತ್ತಿರ ಕರೆದೆ. ಹವಳ ಪೂರ್ತಿ ಅರಳಿತ್ತು. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಅಗಲ ಹೊಸ ಬಿಳಿ ಬೆಳೆದಿತ್ತು.

"ಇದು ಹೂವಾ, ಪ್ರಾಣಿಯಾ?"

"ಪ್ರಾಣಿ."

ಮಾವ ಇನ್ನೊಮ್ಮೆ ಬಗ್ಗಿ ನೋಡಿ ತೋಟಕ್ಕೆ ಹೋದರು. ಜೂನಿನಲ್ಲಿ ನಾನು ಮೂರನೇ ವರ್ಷದ ಕ್ಲಾಸಿನಲ್ಲಿದ್ದೆ.

ಡಿಗ್ರಿ ಸರ್ಟಿಫಿಕೇಟನ್ನು ಮನೆಯಲ್ಲಿ ಮೊದಲು ಮಾವನಿಗೇ ಚಾಚಿದೆ. ಅವರು ಎಲೆ ಮಡಿಸುತ್ತಿದ್ದರು. ಬೆರಳಿನ ಸುಣ್ಣ ನೋಡಿ ಕೈ ಹಿಂದೆಗೆದು, ಉಟ್ಟ ಮುಂಡಿಗೆ ಎರಡು ಸಲ ಒರೆಸಿ, ಎರಡೂ ಕೈಯಲ್ಲಿ ತೆಗೆದುಕೊಂಡರು. ಮೇಲಿನಿಂದ ಕೆಳಗಿನವರೆಗೆ ಓದಿದರು.

"ನಿನ್ನ ತಂಗಿಗೆ ಕಾಲೇಜಿನ ಫಾರ್ಮು ಎಲ್ಲಿ ಸಿಗುದು?"