ಬಾಣಂತಿಯ ಕೈಗೆ ಕೊಡಪಾನ

ನನ್ನ ಸೊಸೆ ತಲೆ ತಿರುಗಿ ಬಿದ್ದದ್ದು ನಾನು ಹಚ್ಚಿದ ಎಣ್ಣೆಯಿಂದಲ್ಲ, ನನ್ನ ಮಗನ ಸೋಮಾರಿತನದಿಂದ. ಬಾಂಬೆಯ ಭಾಂಡುಪಿನ ನಮ್ಮ ಚಾಳಿನಲ್ಲಿ ಆ ಹಸಿ ಬಾಣಂತಿಗೆ ಬೇರು ಹಾಕಿ ಕಾಸಿದ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು ಮೀಯಿಸಿ, ಬೆವರಲೆಂದು ಕಂಬಳಿ ಹೊದಿಸಿ ಮಲಗಿಸಿದ್ದೆ. ನಾನು ಮಗುವನ್ನು ಮೀಯಿಸಲು ಕುಳಿತಾಗ ಚಾಳಿಗೆಲ್ಲ ಒಂದೇ ಆದ ಹೊರಗಿನ ನಳದಲ್ಲಿ ನೀರು ಬಂತು. ಪೇಪರ್ ಓದುತ್ತಿದ್ದ ಮಗ ಅವಳನ್ನೇ ಎಬ್ಬಿಸಿ, ಕೊಡಪಾನ ಕೊಟ್ಟು ಕಳಿಸಿದ. ಅವಳು ನಳದ ಬುಡದಲ್ಲೇ ಕುಸಿದಳು.

ಎತ್ತಿ ತಂದ ಮೇಲೆ ಅವನು ಗದರಿದ್ದು ನನಗೆ. "ಅಮ್ಮ, ನಿನ್ನ ಎಣ್ಣೆ-ಗಿಣ್ಣೆ ಬಂದ್ ಮಾಡು. ಬಾಂಬೆಯಲ್ಲಿ ಇದೆಲ್ಲ ನಡೆಯೋದಿಲ್ಲ."

"ಮಿಂದ ಬಾಣಂತಿ ಮಲಗಬೇಕು ಮಾರಾಯ. ನಿನ್ನ ಕೈಗೂ ಬಾಣಂತನವಾ?" ಎಂದೆ.

ಮರುದಿನ ಬೆಳಿಗ್ಗೆ ಅದೇ ಎಣ್ಣೆ ಹಚ್ಚಿ ಸೊಸೆಯನ್ನು ಮೀಯಿಸಿ ಮಲಗಿಸಿದೆ. ನೀರು ಬಂದಾಗ ಮಗನ ಕೈಯ ಪೇಪರ್ ಕಿತ್ತು, ಕೊಡಪಾನ ಹಿಡಿಸಿ, ನಳದ ಮುಂದೆ ಹೆಂಗಸರ ಸಾಲಿನಲ್ಲಿ ನಿಲ್ಲಿಸಿ ಬಂದೆ.