ಶಿವಲಿಂಗಪ್ಪನವರು ಆರಿಸಿದ ತೆನೆ

ಗೋವಿನಜೋಳದ ವಿಷಯದಲ್ಲಿ ಶಿವಲಿಂಗಪ್ಪನವರ ಮಾತಿಗೆ ಎದುರಿರಲಿಲ್ಲ. ವಿಜಯವಾಡಕ್ಕೆ ವರ್ಗವಾಗುವ ಮುಂಚೆ ರಾಣೆಬೆನ್ನೂರಿನ ಬ್ಯಾಂಕಿನಲ್ಲಿದ್ದಾಗ, ಗೋದಾಮಿನ ಮಾಲಿನ ಮೇಲೆ ಸಾಲ ಕೊಡುವ ಮೊದಲು ಕಾಳು ಪರೀಕ್ಷಿಸುತ್ತಿದ್ದವರು ಅವರೇ. ಚೀಲಕ್ಕೆ ಕೈಹಾಕಿ ಒಂದು ಕಾಳು ತೆಗೆದು ಉಗುರಿನಿಂದ ಒತ್ತುವರು. ಉಗುರು ಇಳಿಯದಿದ್ದರೆ ಮಾಲು ಉತ್ತಮ. ಇಳಿದರೆ ತೇವ, ಅರ್ಜಿ ವಾಪಸ್ಸು. ಆ ಉಗುರಿಗೆ ವ್ಯಾಪಾರಿಗಳು ಹದಿನೆಂಟು ವರ್ಷ ಹೆದರಿದ್ದರು. ತಿನ್ನುವ ತೆನೆ ಕೊಂಡು ಬೇಯಿಸುವ ಕೆಲಸ ಮಾತ್ರ ಯಾವತ್ತೂ ಹೆಂಡತಿ ಮಂಗಳಾಗೌರಿಯದು.

ಆಕೆ ಈಗ ವಿಶಾಖಪಟ್ಟಣದಲ್ಲಿ, ಸೊಸೆಯ ಬಾಣಂತನದಲ್ಲಿದ್ದರು. ನೌಕಾಪಡೆಯಲ್ಲಿರುವ ಮಗ ಪೃಥ್ವೀರಾಜ್ ದಸರಾ ರಜೆಗೆಂದು ಏಳು ವರ್ಷದ ಧನ್ಯಾಳನ್ನು ವಿಜಯವಾಡದಲ್ಲಿ ಅಜ್ಜನ ಬಳಿ ಬಿಟ್ಟುಹೋಗಿದ್ದ. ಮೂರನೆಯ ದಿನಕ್ಕೇ ಅವಳು ಫೋನಿನಲ್ಲಿ, ತೆಲುಗಿನಲ್ಲಿ, ಮನೆಗೆ ಬರುತ್ತೇನೆ ಎಂದಳು. ಭಾನುವಾರ ಕರೆದೊಯ್ಯುತ್ತೇನೆ ಎಂದ ಅಪ್ಪ. ಹಾಗೇ ಆಗಲಿ ಎಂದು ಶಿವಲಿಂಗಪ್ಪನವರೂ ಒಪ್ಪಿ, ಓದಿ ಮುಗಿಸಿದ್ದ ಪೇಪರನ್ನೇ ಮತ್ತೆ ಓದತೊಡಗಿದರು. ಮೊಮ್ಮಗಳು ಹೀಗೆ ಅವರೊಬ್ಬರ ಜೊತೆ ಉಳಿದದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ, ತಿನ್ನಲು ಏನು ಬೇಕೆಂದು ಕೇಳಿದರು. ಬೀಚಿನಲ್ಲಿ ಸಿಗುತ್ತದಲ್ಲ, ಆ ಮೊಕ್ಕಜೊನ್ನ ಎಂದಳು; ಗೋವಿನಜೋಳಕ್ಕೆ ಅವಳು ಕಲಿತ ತೆಲುಗು ಹೆಸರು ಅದು. ಶಿವಲಿಂಗಪ್ಪನವರ ಮುಖ ಅರಳಿತು. ಮಗು ಕೇಳಬೇಕಾದವರನ್ನೇ ಕೇಳಿತ್ತು.

ಸಂತೆಯಲ್ಲಿ ದುರ್ಗಾಂಬ ಎಂಬಾಕೆಯ ರಾಶಿಯ ಮುಂದೆ ಕುಳಿತು ಒಂದೊಂದೇ ತೆನೆಯ ಸಿಪ್ಪೆ ಸರಿಸಿ ಒತ್ತಿದರು. ಉಗುರು ಸಲೀಸಾಗಿ ಇಳಿಯಿತು, ಹಾಲು ಸಿಡಿದು ಕನ್ನಡಕಕ್ಕೆ ಬಿತ್ತು. ಇಡೀ ರಾಶಿಯನ್ನು ತಿರಸ್ಕರಿಸಿ, ಆಕೆ ಹಿಂದೆ ಸರಿಸಿಟ್ಟಿದ್ದ ಬುಟ್ಟಿಯಿಂದ ನಾಲ್ಕು ಗಟ್ಟಿ ತೆನೆ ಆರಿಸಿಕೊಂಡರು. ಕೋಳಿ ಸಾಕಿದ್ದೀರಾ ಎಂದು ದುರ್ಗಾಂಬ ವಿಚಾರಿಸಿದಳು. ಅವರು ನಕ್ಕರು. ಆಕೆ ಮತ್ತೇನೂ ಕೇಳದೆ ಚೀಲಕ್ಕೆ ತುಂಬಿಕೊಟ್ಟಳು.

ಕುಕ್ಕರ್ ಐದು ಸೀಟಿ ಹಾಕಿತು. ಆಮೇಲೆ ಇನ್ನೂ ಹತ್ತು. ಧನ್ಯಾ ಒಂದು ಸಲ ಕಚ್ಚಿ, ತೆನೆಯನ್ನು ತಟ್ಟೆಗೆ ಇಟ್ಟಳು.

"ಉಪ್ಪು ಕಡಿಮಿ ಆತೇನವ್ವಾ?"

"ಅಜ್ಜಾ, ಇದನ್ನ ಯಾರು ಸೆಲೆಕ್ಟ್ ಮಾಡಿದ್ದು?"

"ನಾನ. ಉಗುರು ಇಳಿಯೂದಿಲ್ಲ ನೋಡು, ಅಂಥಾ ಮಾಲು."

"ಇಳೀಬೇಕಜ್ಜಾ. ಹಾಲು ಬರ್ಬೇಕು. ಬೀಚಲ್ಲಿ ಸುಟ್ಟು ಮಾರೋ ಅಮ್ಮಮ್ಮ ಹಾಗೇ ನೋಡ್ತಾಳೆ." ತಟ್ಟೆಯನ್ನು ಅವರತ್ತ ಸರಿಸಿ ಕೇಳಿದಳು, "ನಿಂಗೆ ಯಾರೂ ಹೇಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು? ಶಿವಲಿಂಗಪ್ಪನವರು ತಾವೇ ಒಮ್ಮೆ ಕಚ್ಚಿ ನೋಡಿದರು. ಗೋದಾಮಿನಲ್ಲಿಡಲು ಇದಕ್ಕಿಂತ ಒಳ್ಳೆಯ ಜೋಳ ಸಿಗುವಂತಿರಲಿಲ್ಲ. ದವಡೆ ನೋಯತೊಡಗಿತು.

ಸಂಜೆ ಅವರು ಪಾತ್ರೆ ತೊಳೆಯುತ್ತಿದ್ದಾಗ ಧನ್ಯಾ ಅಪ್ಪನಿಗೆ ಫೋನ್ ಮಾಡಿದಳು. ನಾಳೆ ಬರಬೇಡ ಎಂದಳು. ತಾತನಿಗೆ ಮೊಕ್ಕಜೊನ್ನ ಕೊಳ್ಳುವುದಕ್ಕೇ ಬರುವುದಿಲ್ಲವಂತೆ; ಅವಳೇ ಜೊತೆಗೆ ಹೋಗಿ ಕಲಿಸಬೇಕಂತೆ. ಶಿವಲಿಂಗಪ್ಪನವರು ಮೆಲ್ಲಗೆ ನಲ್ಲಿ ನಿಲ್ಲಿಸಿದರು.

ಫೋನು ಅವರ ಕೈಗೆ ಬಂತು. ಪೃಥ್ವೀರಾಜ್ ನಗುತ್ತಿದ್ದ. "ಏನಪ್ಪಾ, ನಿಮಗ ಗೋವಿನಜೋಳ ಗೊತ್ತಿಲ್ಲಂತ?"

"ಏನೂ ಗೊತ್ತಿಲ್ಲಪಾ," ಎಂದರು ಶಿವಲಿಂಗಪ್ಪನವರು. "ರಜಾ ಮುಗಿಯೂತನಕಾರ ಬೇಕು, ಕಲಿಯಾಕ."